ನಮ್ಮ ಚಳಿಗಾಲಕ್ಕೂ ಒಂದು ತಯಾರಿ ಬೇಕು

ಡಿಸೆಂಬರ್ ಬಂತೆಂದರೆ ಬೆಂಗಳೂರಿನಲ್ಲೋ ಚಿಕ್ಕಮಗಳೂರಿನಲ್ಲೋ ಇರುವ ನೆಂಟರು ಫೋನ್ ಮಾಡಿ ಕೇಳುವುದುಂಟು, “ನಿಮ್ಮಲ್ಲಿ ಚಳಿ ಹೇಗುಂಟು?” ಎಂದು. ಮಂಗಳೂರಿನವರಾದ ನಾವು ಇದಕ್ಕೆ ಸ್ವಲ್ಪ ಯೋಚಿಸಿಯೇ ಉತ್ತರ ಕೊಡಬೇಕಾಗುತ್ತದೆ. ಬೆಳಗ್ಗೆ ಐದೂವರೆಗೆ ಸುಬಹಿ ನಮಾಝಿಗೆ ಹೊರಟವರಿಗೆ ಒಂದು ಶಾಲು ಬೇಕೆನಿಸುತ್ತದೆ. ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಬೆವರು ಒರೆಸಲು ಒಂದು ಕರ್ಚೀಫು ಸಾಲುವುದಿಲ್ಲ. ಹಾಗಾದರೆ ನಮ್ಮಲ್ಲಿ ಚಳಿ ಉಂಟೋ, ಸೆಕೆ ಉಂಟೋ? ಎರಡೂ ಉಂಟು. ಒಂದೇ ದಿನದಲ್ಲಿ ಉಂಟು.

ಲೆಕ್ಕ ಹಾಕಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಮಂಗಳೂರಿನಲ್ಲಿ ಜುಲೈ ತಿಂಗಳ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶ 28ರಿಂದ 29 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಜನವರಿಯಲ್ಲಿ ಅದು 32-33ರ ಹತ್ತಿರ. ಅಂದರೆ ನಾವು ‘ಚಳಿಗಾಲ’ ಎಂದು ಕರೆಯುವ ತಿಂಗಳ ಮಧ್ಯಾಹ್ನ, ಮಳೆಗಾಲದ ಮಧ್ಯಾಹ್ನಕ್ಕಿಂತ ನಾಲ್ಕು ಡಿಗ್ರಿಯಷ್ಟು ಹೆಚ್ಚು ಬಿಸಿ. ಜನವರಿಯ ರಾತ್ರಿ 21 ಡಿಗ್ರಿಯ ಸುತ್ತ ಇಳಿಯುತ್ತದೆ, ಕೆಲವು ದಿನ ಅದಕ್ಕಿಂತ ಕೆಳಗೂ ಹೋಗುತ್ತದೆ. ಆ ರಾತ್ರಿಯ ಕೆಲವು ಗಂಟೆಗಳ ತಂಪಿಗಾಗಿ ಇಡೀ ಕಾಲಕ್ಕೆ ಚಳಿಗಾಲ ಎಂಬ ಹೆಸರು ಬಂದಿದೆ. ಹೆಸರಿನ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಆ ಹೆಸರನ್ನು ನಂಬಿ ನಮ್ಮ ಕೆಲಸ, ಮದುವೆ, ಸಮಾರಂಭ, ನೀರಿನ ಬಳಕೆ ಎಲ್ಲವನ್ನೂ ನಡೆಸಿಕೊಂಡು ಹೋಗುವುದು ಮಾತ್ರ ಇನ್ನು ಕಷ್ಟವಾಗಲಿದೆ. ಇವತ್ತು ಅದನ್ನೇ ಹೇಳಬೇಕೆಂದು ಈ ಬರಹ.

ಮೊದಲು ಈ ಚಳಿ ಮತ್ತು ಸೆಕೆ ಒಟ್ಟಿಗೆ ಹೇಗೆ ಬರುತ್ತದೆ ಎಂದು ನೋಡುವ. ನಮ್ಮ ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಪಶ್ಚಿಮ ಘಟ್ಟ. ಎರಡರ ನಡುವೆ ನೇರ ದಾರಿಯಲ್ಲಿ ನೂರು ಕಿಲೋಮೀಟರ್ ಕೂಡಾ ಇಲ್ಲ. ಮಳೆ ನಿಂತು ಆಕಾಶ ಸ್ವಚ್ಛವಾದ ಮೇಲೆ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಕಡಲು ಅಷ್ಟು ಬೇಗ ತಣ್ಣಗಾಗುವುದಿಲ್ಲ. ಆಗ ಗಾಳಿ ನೆಲದ ಕಡೆಯಿಂದ ಕಡಲ ಕಡೆಗೆ ಬೀಸುತ್ತದೆ. ಇದರ ಜೊತೆಗೆ ಈ ತಿಂಗಳುಗಳಲ್ಲಿ ಪೂರ್ವ ದಿಕ್ಕಿನಿಂದ ಬರುವ ಒಣ ಗಾಳಿಯೂ ಸೇರುತ್ತದೆ. ಬೆಳಗ್ಗಿನ ಚಳಿ, ಒಡೆಯುವ ತುಟಿ, ಬಿರಿಯುವ ಹಿಮ್ಮಡಿ, ಬೇಗ ಒಣಗುವ ಬಟ್ಟೆ ಎಲ್ಲವೂ ಆ ಗಾಳಿಯ ಕೆಲಸ.

ಬಿಸಿಲೇರಿದಂತೆ ಕಥೆ ಬದಲಾಗುತ್ತದೆ. ನೆಲ ಕಾದು, ಕಡಲಿನ ಕಡೆಯಿಂದ ತಂಪು ಗಾಳಿ ಒಳಗೆ ಬರಬೇಕು. ಆ ಕಡಲಗಾಳಿ ಹತ್ತು ಹನ್ನೊಂದು ಗಂಟೆಗೆ ಬಂದರೆ ದಿನ ಬದುಕಿತು. ಆದರೆ ಪೂರ್ವದ ಒಣ ಗಾಳಿ ಜೋರಾಗಿದ್ದರೆ ಅದು ಕಡಲಗಾಳಿಯನ್ನು ತಡೆದು ನಿಲ್ಲಿಸುತ್ತದೆ. ಘಟ್ಟ ಇಳಿದು ಬರುವ ಗಾಳಿ, ಇಳಿಯುತ್ತಾ ಇಳಿಯುತ್ತಾ ಒತ್ತಡಕ್ಕೆ ಸಿಕ್ಕಿ ಇನ್ನಷ್ಟು ಬಿಸಿಯಾಗುತ್ತದೆ. ಕಡಲಗಾಳಿ ಎರಡು ಮೂರು ಗಂಟೆ ತಡವಾದರೆ ಸಾಕು, ಪಣಂಬೂರಿನ ಮಾಪಕ 35-36 ಡಿಗ್ರಿ ದಾಟುತ್ತದೆ. ಉತ್ತರ ಭಾರತ ಮಂಜಿನಲ್ಲಿ ನಡುಗುತ್ತಿರುವಾಗ ದೇಶದ ಅತಿ ಹೆಚ್ಚು ಉಷ್ಣಾಂಶದ ಪಟ್ಟಿಯಲ್ಲಿ ಕಾರವಾರ, ಹೊನ್ನಾವರ, ಮಂಗಳೂರು, ಕಣ್ಣೂರಿನಂತಹ ಕರಾವಳಿ ಊರುಗಳ ಹೆಸರು ಆಗಾಗ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಜನವರಿ ಮತ್ತು ಫೆಬ್ರವರಿ ಎರಡೇ ತಿಂಗಳು ಚಳಿಗಾಲ. ಮಾರ್ಚ್‌ನಿಂದ ಮೇ ತನಕ ಮುಂಗಾರುಪೂರ್ವ ಕಾಲ. ಈ ಲೆಕ್ಕ ಇಟ್ಟುಕೊಂಡು ನೋಡಿದರೆ, 2023ರ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 1901ರಿಂದೀಚೆಗಿನ ಎಲ್ಲ ಫೆಬ್ರವರಿಗಳಿಗಿಂತ ಹೆಚ್ಚಿತ್ತು. 2025ರ ಫೆಬ್ರವರಿ, ಹಗಲು ರಾತ್ರಿ ಎರಡನ್ನೂ ಸೇರಿಸಿದ ಸರಾಸರಿಯಲ್ಲಿ ಅಷ್ಟೂ ವರ್ಷಗಳ ದಾಖಲೆ ಮುರಿಯಿತು. ಅದೇ ಫೆಬ್ರವರಿಯ ಕೊನೆಯ ವಾರ ಕರಾವಳಿ ಕರ್ನಾಟಕಕ್ಕೆ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತು. ಕಾಗದದ ಮೇಲೆ ಚಳಿಗಾಲ ಇನ್ನೂ ಮುಗಿದಿರಲಿಲ್ಲ!

ಇನ್ನೊಂದು ವಿಷಯ ನಮ್ಮ ಜನರಿಗೆ ಗೊತ್ತಿರಬೇಕು. ಬಯಲುಸೀಮೆಯಲ್ಲಿ ಬಿಸಿಗಾಳಿ ಎನ್ನಲು ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಕರಾವಳಿಗೆ ಇಲಾಖೆ ಇಟ್ಟಿರುವ ಮಿತಿ 37 ಡಿಗ್ರಿ, ಮತ್ತು ಅದು ಆ ದಿನದ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿರಬೇಕು. ಮಿತಿ ಕಡಿಮೆ ಇಟ್ಟಿರುವುದು ಸುಮ್ಮನೆ ಅಲ್ಲ. ಇಲ್ಲಿನ ಗಾಳಿಯಲ್ಲಿ ತೇವ ಇರುತ್ತದೆ, ಬೆವರು ಬರುತ್ತದೆ, ಆದರೆ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ರಾಯಚೂರಿನ 40 ಡಿಗ್ರಿ ಕೇಳಿ ಹೌಹಾರುವ ನಾವು, ನಮ್ಮ 36 ಡಿಗ್ರಿಯನ್ನು “ಸ್ವಲ್ಪ ಸೆಕೆ ಮಾರಾಯ್ರೆ” ಎಂದು ತಳ್ಳಿಹಾಕುತ್ತೇವೆ. ಮೈಗೆ ಆಗುವ ತೊಂದರೆ ಅಷ್ಟು ಸಣ್ಣದಲ್ಲ.

ಈ ತೊಂದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಬರುವುದೂ ಇಲ್ಲ. ಎ.ಸಿ. ಅಂಗಡಿಯಲ್ಲಿ ಕೂತವರಿಗೆ ಗೊತ್ತಾಗುವುದು ಕರೆಂಟ್ ಬಿಲ್ ಬಂದಾಗ. ಬಂದರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವವರು, ಗೋದಾಮಿನಲ್ಲಿ ಮೂಟೆ ಇಳಿಸುವವರು, ಕಟ್ಟಡದ ಸಾರಣೆ ಕೆಲಸದವರು, ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವವರು, ರಿಕ್ಷಾ ಓಡಿಸುವವರು, ಬೈಕಿನಲ್ಲಿ ಊಟ ಹಂಚುವ ಹುಡುಗರು, ತಗಡಿನ ಶೀಟಿನ ಕೆಳಗೆ ಕೂತು ಬೀಡಿ ಕಟ್ಟುವ ಉಮ್ಮಂದಿರು, ಇವರೆಲ್ಲರಿಗೆ ಗೊತ್ತಾಗುವುದು ಅದೇ ದಿನ, ಅದೇ ಗಂಟೆ. ಇವರಲ್ಲಿ ನಮ್ಮ ಸಮುದಾಯದವರು ಎಷ್ಟು ಮಂದಿ ಇದ್ದಾರೆ ಎಂದು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಒಂದೊಂದು ಮನೆಯಲ್ಲಿ ಒಬ್ಬೊಬ್ಬರಿದ್ದಾರೆ. ಜಾರ್ಖಂಡ್, ಬಿಹಾರ, ಬಂಗಾಳದಿಂದ ಬಂದು ನಮ್ಮ ಕಟ್ಟಡ ಕಟ್ಟುತ್ತಿರುವವರಿಗಂತೂ ಈ ಕರಾವಳಿಯ ಸೆಕೆ ಹೊಸದು.

ಚಳಿಗಾಲದ ಬಿಸಿಲಿನಲ್ಲಿ ಒಂದು ಮೋಸ ಉಂಟು. ಏಪ್ರಿಲ್‌ನಲ್ಲಿ ಬೆಳಗ್ಗೆ ಏಳಕ್ಕೇ ಬೆವರು ಸುರಿಯುವುದರಿಂದ ಕೆಲಸಕ್ಕೆ ಹೊರಟವನು ನೀರಿನ ಬಾಟಲಿ ಮರೆಯುವುದಿಲ್ಲ. ಜನವರಿಯಲ್ಲಿ ಹೊರಡುವಾಗ ತಂಪು. ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, ಹಾಗಾಗಿ ಮೈಯಿಂದ ನೀರು ಹೋಗುತ್ತಿರುವುದು ಗೊತ್ತೇ ಆಗುವುದಿಲ್ಲ. ಬಾಯಾರಿಕೆಯೂ ತಡವಾಗಿ ಬರುತ್ತದೆ. ಹನ್ನೆರಡು ಗಂಟೆ ಹೊತ್ತಿಗೆ ತಲೆನೋವು, ಸುಸ್ತು, ಮೂತ್ರ ಹಳದಿ. “ಎಂತದೋ ಗ್ಯಾಸ್ಟ್ರಿಕ್ ಇರಬೇಕು” ಎಂದು ಒಂದು ಮಾತ್ರೆ ನುಂಗಿ ಕೆಲಸ ಮುಂದುವರಿಸುತ್ತಾರೆ. ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು, ಕಿಡ್ನಿ ಕಲ್ಲಿನ ತೊಂದರೆ ಇದ್ದವರು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ತಲಪಾಡಿ ಗಡಿ ದಾಟಿದರೆ ಕಾಸರಗೋಡು. ಬಿಸಿಲು ಅಲ್ಲೂ ಇದೇ, ಕಡಲೂ ಇದೇ. ಕೇರಳದ ಕಾರ್ಮಿಕ ಇಲಾಖೆ ಬಿಸಿಲಿನ ತಿಂಗಳುಗಳಲ್ಲಿ ಹೊರಾಂಗಣ ಕೆಲಸದವರಿಗೆ ಮಧ್ಯಾಹ್ನ 12ರಿಂದ 3 ಗಂಟೆ ತನಕ ವಿರಾಮ ಕಡ್ಡಾಯ ಮಾಡುತ್ತದೆ. 2025ರಲ್ಲಿ ಅದು ಫೆಬ್ರವರಿ 11ರಿಂದಲೇ ಜಾರಿಗೆ ಬಂತು. ಗಲ್ಫ್‌ನಲ್ಲಿರುವ ನಮ್ಮವರಿಗೂ ಇದು ಹೊಸದಲ್ಲ. ಯುಎಇ, ಸೌದಿಯಲ್ಲಿ ಜೂನ್ 15ರಿಂದ ಸೆಪ್ಟಂಬರ್ 15ರ ತನಕ ಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಮಾಡಿಸುವುದಕ್ಕೆ ನಿಷೇಧವಿದೆ. ನಮ್ಮ ರಾಜ್ಯದಲ್ಲೂ ಕಲಬುರಗಿ ಕಡೆಯ ಜಿಲ್ಲೆಗಳಲ್ಲಿ ಬೇಸಿಗೆಗೆ ಸರಕಾರಿ ಕಚೇರಿಗಳ ಸಮಯ ಬದಲಾಗುತ್ತದೆ, ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತದೆ. ಅದು ಏಪ್ರಿಲ್, ಮೇ ತಿಂಗಳಿಗೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಕ್ಕೆ ಬೇಕಾಗಿರುವುದು ಕರಾವಳಿಯದೇ ಒಂದು ಲೆಕ್ಕ. ಫೆಬ್ರವರಿಯಲ್ಲೇ ಶುರುವಾಗುವ, ಕಚೇರಿಯವರಿಗಿಂತ ಮೊದಲು ಕೂಲಿಯವರನ್ನು ನೆನೆಯುವ ಲೆಕ್ಕ.

ಇನ್ನು ಮದುವೆಯ ವಿಚಾರ. ಮಳೆ ನಿಂತ ಮೇಲೆ ಕರಾವಳಿ ಹೊರಗೆ ಬರುತ್ತದೆ. ನವೆಂಬರ್‌ನಿಂದ ಕಂಬಳ, ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ, ನಮ್ಮಲ್ಲಿ ಮತ ಪ್ರವಚನ, ಮದ್ರಸಗಳ ವಾರ್ಷಿಕೋತ್ಸವ, ಶಾಲೆಗಳ ಕ್ರೀಡಾಕೂಟ. ಆಕಾಶ ನಂಬಿಕಸ್ತ ಎಂಬ ಧೈರ್ಯದ ಮೇಲೆ ಇದೆಲ್ಲ ನಡೆಯುತ್ತದೆ. ಗಲ್ಫ್‌ನಿಂದ ರಜೆಗೆ ಬರುವವರೂ ಡಿಸೆಂಬರ್‌ನಲ್ಲೇ ಬರುತ್ತಾರೆ. ದುಬೈಯಲ್ಲಿ ಜನವರಿಯ ಹಗಲು 24 ಡಿಗ್ರಿಯ ಹತ್ತಿರ, ಅದು ನಿಜವಾದ ಚಳಿಗಾಲ. ಅಲ್ಲಿಂದ ಬಂದ ಮಕ್ಕಳು ಇಲ್ಲಿನ ಚಳಿಗಾಲದಲ್ಲಿ ಬೆವರುವುದನ್ನು ನೋಡಿ ಅಜ್ಜಿಯರು ನಗುತ್ತಾರೆ. ಈಗ ರಮಝಾನ್ ಕೂಡಾ ಫೆಬ್ರವರಿಗೆ ಸರಿದು ಬಂದಿರುವುದರಿಂದ, ಅದಕ್ಕೆ ಮೊದಲೇ ನಿಕಾಹ್ ಮುಗಿಸುವ ಅವಸರವೂ ಸೇರಿಕೊಂಡಿದೆ. ಚಳಿಗೆ ಮಲ್ಲಿಗೆಯ ಇಳುವರಿ ಕಡಿಮೆ, ಮದುವೆ ಮಾತ್ರ ಹೆಚ್ಚು. ಅಟ್ಟೆಯ ದರ ಎಲ್ಲಿಗೆ ಏರುತ್ತದೆಂದು ಮದುವೆ ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು.

ಈ ಮದುವೆಗಳಲ್ಲಿ ಹೆಚ್ಚಿನವು ಊಟಕ್ಕೆ ಇಳಿಯುವುದು ಮಧ್ಯಾಹ್ನ ಒಂದರಿಂದ ಮೂರರ ನಡುವೆ, ದಿನದ ಅತಿ ಬಿಸಿ ಹೊತ್ತಿನಲ್ಲಿ. ಶಾಮಿಯಾನದ ಬಟ್ಟೆ ನೆರಳು ಕೊಡುತ್ತದೆ, ನಿಜ. ಸುತ್ತಲೂ ಪರದೆ ಕಟ್ಟಿದರೆ ಒಳಗೆ ಗಾಳಿ ಆಡುವುದಿಲ್ಲ. ಪಕ್ಕದಲ್ಲೇ ಬಿರಿಯಾನಿಯ ದೊಡ್ಡ ಪಾತ್ರೆಗಳ ಬೆಂಕಿ. ಆ ಬೆಂಕಿಯ ಮುಂದೆ ಬೆಳಗ್ಗೆ ನಾಲ್ಕರಿಂದ ನಿಂತ ಅಡುಗೆಯವರನ್ನು, ಕೋಟು ಹಾಕಿಸಿ ಬಾಗಿಲಲ್ಲಿ ನಿಲ್ಲಿಸಿದ ಬಡಿಸುವ ಹುಡುಗರನ್ನು ಯಾರಾದರೂ ಒಮ್ಮೆ ಮಾತನಾಡಿಸಿ ನೋಡಿ. ಅಸರ್ ಕಳೆದ ಮೇಲೆ ಊಟ ಇಟ್ಟರೆ, ಅಥವಾ ರಾತ್ರಿಗೆ ಇಟ್ಟರೆ ಯಾವ ಮರ್ಯಾದೆಯೂ ಹೋಗುವುದಿಲ್ಲ. ಕಡಲಗಾಳಿ ಬಂದ ಮೇಲೆ ಕೂತು ಉಣ್ಣುವ ಊಟಕ್ಕೆ ರುಚಿಯೂ ಹೆಚ್ಚು. ಆಗದವರು ಪರದೆಯನ್ನಾದರೂ ಎತ್ತಿ ಕಟ್ಟಿಸಲಿ, ಅಡುಗೆಯವರಿಗೆ ಮಜ್ಜಿಗೆ ಇಡಲಿ.

ರಮಝಾನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಚಾಂದ್ರಮಾನ ವರ್ಷ ಸೌರಮಾನಕ್ಕಿಂತ 11 ದಿನದಷ್ಟು ಚಿಕ್ಕದಾದ್ದರಿಂದ ಉಪವಾಸದ ತಿಂಗಳು ಪ್ರತಿವರ್ಷ ಹಿಂದಕ್ಕೆ ಸರಿಯುತ್ತದೆ. 2026ರಲ್ಲಿ ಅದು ಫೆಬ್ರವರಿ ಮೂರನೇ ವಾರ, 2027ರಲ್ಲಿ ಫೆಬ್ರವರಿ ಎರಡನೇ ವಾರ, 2028ರಲ್ಲಿ ಜನವರಿ ಕೊನೆ. 2030ರಲ್ಲಂತೂ ಜನವರಿ ಮೊದಲ ವಾರ ಒಂದು, ಡಿಸೆಂಬರ್ ಕೊನೆಯ ವಾರ ಇನ್ನೊಂದು, ಒಂದೇ ವರ್ಷದಲ್ಲಿ ಎರಡು ರಮಝಾನ್ ಶುರುವಾಗುತ್ತದೆ. “ಇನ್ನು ಚಳಿಗಾಲದ ಉಪವಾಸ, ಸುಲಭ” ಎಂದು ಹೇಳುವವರಿದ್ದಾರೆ. ಲಂಡನ್‌ನಲ್ಲೋ ಟೊರಾಂಟೊದಲ್ಲೋ ಇರುವವರಿಗೆ ಈ ಮಾತು ಸರಿ, ಅಲ್ಲಿ ಚಳಿಗಾಲದ ಹಗಲು ಬಹಳ ಚಿಕ್ಕದು. ಸಮಭಾಜಕ ವೃತ್ತದಿಂದ 13 ಡಿಗ್ರಿ ದೂರದಲ್ಲಿರುವ ಮಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಬರೀ ಒಂದೂವರೆ ಗಂಟೆ.

2014ರಿಂದ 2016ರ ತನಕ ರಮಝಾನ್ ಜೂನ್-ಜುಲೈಯಲ್ಲಿ ಬಂದದ್ದು ಹೆಚ್ಚಿನವರಿಗೆ ನೆನಪಿರಬಹುದು. ಹೊರಗೆ ಜಡಿಮಳೆ, ಒಳಗೆ ತಂಪು. ಹಗಲು ಉದ್ದವಾದರೂ ಬಾಯಾರಿಕೆ ಅಷ್ಟು ಕಾಡಲಿಲ್ಲ. ಈಗ ಹಗಲು ಸ್ವಲ್ಪ ಚಿಕ್ಕದು, ಬಿಸಿಲು ಹೆಚ್ಚು, ಗಾಳಿ ಒಣ. ಹೊರೆ ಹೊರುವವನ ಲೆಕ್ಕದಲ್ಲಿ ಇದು ಸುಲಭದ ಉಪವಾಸವಲ್ಲ. ಆದ್ದರಿಂದ ನಮ್ಮ ವ್ಯಾಪಾರಸ್ಥರು, ಗುತ್ತಿಗೆದಾರರು ಭಾರದ ಕೆಲಸವನ್ನು ಬೆಳಗ್ಗೆ ಬೇಗ ಮುಗಿಸುವ ವ್ಯವಸ್ಥೆ ಮಾಡಬೇಕು. ಇಫ್ತಾರಿನಲ್ಲಿ ಕರಿದ ತಿಂಡಿಗಿಂತ ನೀರು, ಗಂಜಿ, ಹಣ್ಣಿಗೆ ಮೊದಲ ಜಾಗ ಕೊಡಬೇಕು. ಸಹರಿಗೆ ಎದ್ದಾಗ ಚಳಿಯಿದೆಯೆಂದು ಬರೀ ಚಾ ಕುಡಿದು ಮಲಗುವುದು ಬೇಡ. ಕಾಯಿಲೆ ಇದ್ದವರು ಮೊದಲೇ ವೈದ್ಯರನ್ನು ಕೇಳಿಕೊಳ್ಳಲಿ.

ಈಗ ನೀರಿಗೆ ಬರೋಣ. ಚಳಿಗಾಲದಲ್ಲಿ ನೀರಿನ ಮಾತು ಎತ್ತಿದರೆ “ಬಾವಿ ತುಂಬ ಉಂಟಲ್ಲ” ಎನ್ನುತ್ತಾರೆ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟಂಬರ್ ಒಳಗೆ. ಜನವರಿ, ಫೆಬ್ರವರಿಯಲ್ಲಿ ಬೀಳುವುದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ನೆಲ ಮುರಕಲ್ಲಿನದು, ತೂತು ತೂತಿನ ಕೆಂಪುಕಲ್ಲು. ಬಿದ್ದ ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ತೋಡಿಗೆ, ಹೊಳೆಗೆ, ಕಡಲಿಗೆ ಬಿಟ್ಟುಕೊಡುತ್ತದೆ. ಮೇ ತಿಂಗಳಲ್ಲಿ ಟ್ಯಾಂಕರ್ ಹಿಂದೆ ಓಡುವುದೋ ಬೇಡವೋ ಎಂಬುದು ತೀರ್ಮಾನವಾಗುವುದು ಡಿಸೆಂಬರ್ ಮತ್ತು ಜನವರಿಯಲ್ಲಿ. ಆಗ ಹರಿದು ಹೋಗುತ್ತಿರುವ ನೀರನ್ನು ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಗರಕ್ಕೆ ಕುಡಿಯುವ ನೀರು ಬರುವುದು ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. 2016, 2019, 2023ರ ಬೇಸಿಗೆಗಳಲ್ಲಿ ಅಲ್ಲಿ ನೀರು ತಳ ಕಂಡು, ನಗರದಲ್ಲಿ ರೇಷನಿಂಗ್ ಮಾಡಬೇಕಾಗಿ ಬಂತು. ಎತ್ತರದ ಗುಡ್ಡಗಳ ಮೇಲಿನ ಮನೆಗಳಿಗೆ ದಿನಗಟ್ಟಲೆ ನೀರು ಏರಲಿಲ್ಲ. ನದಿಯ ಹರಿವು ಕಡಿಮೆಯಾದಾಗ ಅಳಿವೆಯಿಂದ ಉಪ್ಪುನೀರು ಮೇಲಕ್ಕೆ ಬರುತ್ತದೆ, ಹೊಳೆ ಬದಿಯ ಬಾವಿಗಳೂ ಸವುಳಾಗುತ್ತವೆ. ನೇತ್ರಾವತಿ, ಫಲ್ಗುಣಿ ದಂಡೆಯಲ್ಲಿ ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದಿನವರಿಗೆ ಇದಕ್ಕೊಂದು ಕ್ರಮ ಇತ್ತು. ಮಳೆ ನಿಂತು ತೋಡಿನ ಹರಿವು ಇಳಿಯುತ್ತಿದ್ದಂತೆ ಊರಿನವರು ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ‘ಕಟ್ಟ’ ಕಟ್ಟುತ್ತಿದ್ದರು. ಜಾತಿ, ಧರ್ಮ ನೋಡದೆ ಗದ್ದೆ, ತೋಟ ಇದ್ದವರೆಲ್ಲ ಬರುತ್ತಿದ್ದರು. ಆ ಕಟ್ಟದಲ್ಲಿ ನಿಂತ ನೀರು ಅಕ್ಕಪಕ್ಕದ ಬಾವಿಗಳನ್ನು ಏಪ್ರಿಲ್ ತನಕ ಕಾಯುತ್ತಿತ್ತು. ಈಗ ಪಶ್ಚಿಮ ವಾಹಿನಿ ಯೋಜನೆಯಲ್ಲಿ ಸರಕಾರ ಸಾಕಷ್ಟು ಕಿಂಡಿ ಅಣೆಕಟ್ಟು ಕಟ್ಟಿಸಿದೆ. ಕಾಂಕ್ರೀಟು ಕಟ್ಟಿದರೆ ಮಾತ್ರ ನೀರು ನಿಲ್ಲುವುದಿಲ್ಲ, ಸಕಾಲದಲ್ಲಿ ಹಲಗೆ ಇಳಿಸಬೇಕು. ಹಲಗೆ ಇಳಿಸಲು ಜನವರಿ ಕೊನೆಯ ತನಕ ಕಾದರೆ ಹಿಡಿಯಲು ನೀರೇ ಉಳಿದಿರುವುದಿಲ್ಲ. ನಿಮ್ಮ ಊರಿನ ಅಣೆಕಟ್ಟಿಗೆ ಹಲಗೆ ಬಿದ್ದಿದೆಯೋ ಎಂದು ಈ ವಾರವೇ ಒಮ್ಮೆ ಹೋಗಿ ನೋಡಿ. ಬಿದ್ದಿಲ್ಲವಾದರೆ ಪಂಚಾಯತ್‌ಗೆ ಹೇಳಿ. ಪಂಚಾಯತ್‌ನಲ್ಲಿ ಜನ ಸಾಲದಿದ್ದರೆ ನಮ್ಮ ಯುವಕರ ಸಂಘಗಳಿಗೆ ಒಂದು ಭಾನುವಾರದ ಕೆಲಸ ಅದು.

ಮಸೀದಿಗಳಲ್ಲೂ ಮಾಡುವುದಕ್ಕೆ ಬೇಕಾದಷ್ಟುಂಟು. ಹಿಂದೆ ಕೊಳದಿಂದ ಕೈಯಲ್ಲಿ ತೆಗೆದು ವುಝೂ ಮಾಡುತ್ತಿದ್ದೆವು, ಈಗ ನಳ್ಳಿ ತಿರುಗಿಸಿದರೆ ತಲೆ ಸವರುವಷ್ಟರಲ್ಲಿ ಒಂದು ಬಾಲ್ದಿ ನೀರು ಹೋಗುತ್ತದೆ. ಹರಿಯುವ ಹೊಳೆಯ ಬದಿಯಲ್ಲಿ ಕೂತರೂ ನೀರು ಪೋಲು ಮಾಡಬಾರದೆಂದು ಕಲಿತು ಬಂದವರು ನಾವು. ಸಣ್ಣ ಹರಿವಿನ ನಳ್ಳಿ ಹಾಕಿಸುವುದು, ವುಝೂವಿನ ನೀರನ್ನು ಚರಂಡಿಗೆ ಬಿಡದೆ ತೆಂಗಿನ ಬುಡಕ್ಕೆ ಅಥವಾ ಇಂಗುಗುಂಡಿಗೆ ಬಿಡುವುದು, ಮಸೀದಿಯ ವಿಶಾಲ ಮಾಡಿನ ಮಳೆನೀರನ್ನು ಬಾವಿಗೆ ಇಳಿಸಲು ಮುಂದಿನ ಜೂನ್ ಒಳಗೆ ಪೈಪ್ ಹಾಕಿಸುವುದು, ಇದ್ಯಾವುದಕ್ಕೂ ಲಕ್ಷಗಟ್ಟಲೆ ಹಣ ಬೇಡ. ಜಮಾಅತ್ ಕಮಿಟಿಯ ಒಂದು ಸಭೆ ಸಾಕು.

ಈ ಕಾಲವನ್ನು ಓದುವುದು ನಮ್ಮ ಹಿರಿಯರಿಗೆ ಹೊಟ್ಟೆಪಾಡಾಗಿತ್ತು. ನೈಋತ್ಯ ಮಾರುತದ ಅಬ್ಬರದಲ್ಲಿ ಬಂದರು ಮುಚ್ಚುತ್ತಿತ್ತು, ಅದು ಇಳಿದ ಮೇಲೆ ಕಡಲು ತೆರೆಯುತ್ತಿತ್ತು. ಚಳಿಗಾಲದ ಈಶಾನ್ಯ ಗಾಳಿಯನ್ನು ಹಾಯಿಯಲ್ಲಿ ಹಿಡಿದು ಹಡಗುಗಳು ಇಲ್ಲಿಂದ ಅರೇಬಿಯಾ ಕಡೆಗೆ ಹೊರಡುತ್ತಿದ್ದವು. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ, ಪರ್ಶಿಯಾ ಮತ್ತು ಯಮನ್‌ನ ವರ್ತಕರು ಈ ಬಂದರಿನಲ್ಲಿ ಇಳಿಯುತ್ತಿದ್ದುದನ್ನೂ, ಕಾಳುಮೆಣಸು, ಶುಂಠಿ ಇಲ್ಲಿ ಹೇರಳವಾಗಿದ್ದುದನ್ನೂ, ಸುಮಾರು ನಾಲ್ಕು ಸಾವಿರ ಮುಸ್ಲಿಮರು ಇಲ್ಲಿ ನೆಲೆಸಿದ್ದುದನ್ನೂ ಬರೆದಿಟ್ಟಿದ್ದಾನೆ. ಆ ವ್ಯಾಪಾರ ನಡೆದದ್ದು ಗಾಳಿಯ ಪಂಚಾಂಗದ ಮೇಲೆ. ಗಾಳಿ ಯಾವ ವಾರ ತಿರುಗುತ್ತದೆಂದು ತಿಳಿಯದವನು ಒಂದು ವರ್ಷ ಇಲ್ಲೇ ಕೂರಬೇಕಾಗುತ್ತಿತ್ತು.

ಇವತ್ತಿಗೂ ಈ ಒಣ ತಿಂಗಳುಗಳನ್ನೇ ನಂಬಿದ ಬದುಕುಗಳುಂಟು. ಮೀನು ಒಣಗಿಸುವವರು, ಅಂಗಳದಲ್ಲಿ ಅಡಿಕೆ ಹರವಿದವರು, ಮಾವು, ಗೇರು ಹೂ ಬಿಟ್ಟದ್ದನ್ನು ನೋಡಿ ಲೆಕ್ಕ ಹಾಕುವವರು. ಆದರೆ ಆಕಾಶ ಈಗ ಹಿಂದಿನಷ್ಟು ನಂಬಿಕಸ್ತ ಅಲ್ಲ. 2017ರ ಡಿಸೆಂಬರ್ ಮೊದಲ ವಾರ ಓಖಿ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಹಾದುಹೋದಾಗ ಉಳ್ಳಾಲ ಕಡೆಯ ದಡಕ್ಕೆ ಅಲೆಗಳು ಅಪ್ಪಳಿಸಿದವು. 2024ರ ನವೆಂಬರ್ ಕೊನೆಗೆ ಪುದುಚೇರಿ ಹತ್ತಿರ ದಡ ಸೇರಿದ ಫೆಂಗಲ್, ಡಿಸೆಂಬರ್ ಆರಂಭದಲ್ಲಿ ನಮ್ಮಲ್ಲೂ ಜಡಿಮಳೆ ಸುರಿಸಿತು, ಶಾಲೆಗಳಿಗೆ ರಜೆ ಕೊಡಬೇಕಾಯಿತು. ಅಂಗಳದ ಅಡಿಕೆ ಒದ್ದೆಯಾದರೆ ಬೂಸ್ಟು ಹಿಡಿಯುತ್ತದೆ, ದರ ಇಳಿಯುತ್ತದೆ. ಮಾವಿನ ಹೂವಿಗೆ ಅಕಾಲದ ಮಳೆ ಬಿದ್ದರೆ ಹೂ ಕರಟುತ್ತದೆ. ಅರಬ್ಬೀ ಸಮುದ್ರ ಬಿಸಿಯಾಗುತ್ತಾ ಬಂದಿದೆ, ಅದರಿಂದ ಚಂಡಮಾರುತಗಳು ಹೆಚ್ಚು ಬಲಿಯುತ್ತಿವೆ ಎಂದು ವಿಜ್ಞಾನಿಗಳು ಹೇಳುತ್ತಿದ್ದಾರೆ. ಹಿರಿಯರು ಗಾಳಿಯನ್ನು ನೋಡಿ ಹೊರಡುತ್ತಿದ್ದರು. ನಾವು ಹವಾಮಾನ ಇಲಾಖೆಯ ಮುನ್ಸೂಚನೆಯನ್ನಾದರೂ ನೋಡಿ ಹೊರಡಬೇಕು. ಮಳೆಗಾಲದಲ್ಲಿ ದಿನಾ ನೋಡುವ ಅಭ್ಯಾಸವನ್ನು ಡಿಸೆಂಬರ್‌ನಲ್ಲೂ ಬಿಡಬಾರದು.

ಇನ್ನೊಂದು ಸಣ್ಣ ವಿಷಯ, ಆದರೆ ಉಬ್ಬಸ ಇರುವವರಿಗೆ ಸಣ್ಣದಲ್ಲ. ಚಳಿಗಾಲದ ಮುಂಜಾನೆ ನೆಲದ ಹತ್ತಿರದ ಗಾಳಿ ತಂಪಾಗಿರುತ್ತದೆ, ಅದರ ಮೇಲಿನ ಪದರ ಬೆಚ್ಚಗೆ. ಹಾಗಾಗಿ ಹೊಗೆ ಮೇಲೆ ಏರದೆ ಮನೆಗಳ ಮಟ್ಟದಲ್ಲೇ ತೇಲುತ್ತದೆ. ಇದೇ ಹೊತ್ತಿನಲ್ಲಿ ನಾವು ಅಂಗಳ ಗುಡಿಸಿ ತರಗೆಲೆಗೆ ಬೆಂಕಿ ಕೊಡುತ್ತೇವೆ, ಕೆಲವರು ಜೊತೆಗೆ ಪ್ಲಾಸ್ಟಿಕನ್ನೂ ಸೇರಿಸುತ್ತಾರೆ. ಆ ಹೊಗೆ ಪಕ್ಕದ ಮನೆಯ ಮಗುವಿನ ಎದೆಗೆ ಹೋಗುತ್ತದೆ. ತರಗೆಲೆಯನ್ನು ತೆಂಗಿನ ಬುಡಕ್ಕೆ ಹಾಕಿದರೆ ಗೊಬ್ಬರವೂ ಆಯಿತು, ನೆಲದ ತೇವವೂ ಉಳಿಯಿತು.

ಇಷ್ಟೆಲ್ಲ ಹೇಳಿದ ಮೇಲೆ ಯಾರು ಏನು ಮಾಡಬೇಕೆಂದು ಸ್ಪಷ್ಟವಾಗಿ ಹೇಳದಿದ್ದರೆ ಸಂಪಾದಕೀಯಕ್ಕೆ ಅರ್ಥವಿಲ್ಲ. ಜಿಲ್ಲಾಡಳಿತ ಮತ್ತು ಕಾರ್ಮಿಕ ಇಲಾಖೆ ಹೊರಾಂಗಣ ಕೆಲಸದವರಿಗೆ 12ರಿಂದ 3ರ ವಿರಾಮದ ಆದೇಶವನ್ನು ಏಪ್ರಿಲ್ ತನಕ ಕಾಯದೆ ಫೆಬ್ರವರಿ ಮೊದಲ ವಾರದಿಂದ ಹೊರಡಿಸಲಿ. ವಿರಾಮದ ಹೆಸರಲ್ಲಿ ಕೂಲಿ ಕಡಿಯದಂತೆಯೂ ನೋಡಿಕೊಳ್ಳಲಿ. ಬಿಸಿಗಾಳಿಯ ಎಚ್ಚರಿಕೆ ಬಂದ ದಿನ ಅದು ಕನ್ನಡದಲ್ಲಿ ಮಾತ್ರವಲ್ಲ, ತುಳು, ಬ್ಯಾರಿ, ಕೊಂಕಣಿಯಲ್ಲೂ, ಹೊರಗಿನಿಂದ ಬಂದ ಕಾರ್ಮಿಕರಿಗಾಗಿ ಹಿಂದಿ, ಬಂಗಾಳಿಯಲ್ಲೂ ಕೇಳಿಸಲಿ. ಮಹಾನಗರ ಪಾಲಿಕೆ ಸೋರುವ ಪೈಪುಗಳನ್ನು ಮೇ ತಿಂಗಳ ಗಲಾಟೆಗೆ ಮೊದಲೇ, ಈಗಲೇ ಸರಿಪಡಿಸಲಿ. ದಕ್ಕೆ, ಮಾರುಕಟ್ಟೆ, ಬಸ್ ನಿಲ್ದಾಣಗಳಲ್ಲಿ ಕುಡಿಯುವ ನೀರು ಮತ್ತು ನೆರಳು ಫೆಬ್ರವರಿಗೆ ಸಿದ್ಧವಿರಲಿ. ಶಾಲೆಗಳು ಕ್ರೀಡಾಕೂಟವನ್ನು ಬೆಳಗ್ಗೆ ಹತ್ತೂವರೆಯ ಒಳಗೆ ಮುಗಿಸಲಿ. ಅತಿಥಿಗಳ ಭಾಷಣಕ್ಕಾಗಿ ಮಕ್ಕಳನ್ನು ಬಿಸಿಲಿನಲ್ಲಿ ಸಾಲು ನಿಲ್ಲಿಸುವುದು ಬೇಡ.

ನಮ್ಮೊಳಗೆ ಆಗಬೇಕಾದದ್ದೂ ಇದೆ. ನಮ್ಮಲ್ಲಿ ವ್ಯಾಪಾರಸ್ಥರು ಹೆಚ್ಚು. ಅಂದರೆ ಇನ್ನೊಬ್ಬರಿಗೆ ಕೆಲಸ ಕೊಡುವವರೂ, ಕೆಲಸದ ಹೊತ್ತನ್ನು ತೀರ್ಮಾನಿಸುವವರೂ ನಮ್ಮಲ್ಲೇ ಇದ್ದಾರೆ. ಲಾರಿ ಇಳಿಸುವುದನ್ನು ಮಧ್ಯಾಹ್ನ ಒಂದು ಗಂಟೆಯಿಂದ ಸಂಜೆ ನಾಲ್ಕಕ್ಕೆ ಸರಿಸಲು ಯಾವ ಸರಕಾರದ ಆದೇಶವೂ ಬೇಡ, ಮಾಲಕನ ಒಂದು ಮಾತು ಸಾಕು. ಗೋದಾಮಿನ ತಗಡಿನ ಮಾಡಿಗೆ ಬಿಳಿ ಸುಣ್ಣ ಬಳಿದರೆ ಒಳಗಿನ ಬಿಸಿ ಇಳಿಯುತ್ತದೆ. ಅಂಗಡಿ ಮುಂದೆ ಒಂದು ಮಣ್ಣಿನ ಮಡಕೆ ನೀರು ಇಟ್ಟರೆ ದಾರಿಹೋಕನ ದುಆ ಸಿಗುತ್ತದೆ. ಮಡಕೆಯನ್ನು ಮಾರ್ಚ್‌ನಲ್ಲಿ ಇಡುವ ಬದಲು ಜನವರಿಯಲ್ಲೇ ಇಡುವ, ಅಷ್ಟೇ.

ಚಳಿಗಾಲ ನಮಗೆ ಪ್ರೀತಿಯ ಕಾಲ. ಮದುವೆ, ನೆಂಟರು, ಬೆಳಗ್ಗಿನ ಮಂಜು, ಒಲೆಯ ಮುಂದೆ ಕೂತು ಕುಡಿಯುವ ಬಿಸಿ ಚಾ, ಇದನ್ನೆಲ್ಲ ಬಿಡಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ಬೆಳಗ್ಗಿನ ತಂಪನ್ನು ಖುಷಿಯಿಂದ ಅನುಭವಿಸುವ. ಅದೇ ಹೊತ್ತಿನಲ್ಲಿ ಕೆಲಸಕ್ಕೆ ಹೊರಡುವವನ ಚೀಲಕ್ಕೆ ಒಂದು ಬಾಟಲಿ ನೀರು ಹಾಕಿ ಕೊಡುವ. ಈ ಭಾನುವಾರ ಊರಿನ ತೋಡಿನ ಕಡೆಗೆ ಒಮ್ಮೆ ನಡೆದು ಹೋಗಿ, ಹಲಗೆ ಬಿದ್ದಿದೆಯೋ ಇಲ್ಲವೋ ನೋಡಿಕೊಂಡು ಬರುವ.